ಓಟಕ್ಕೆ ಮುಂಚಿನ ಶಾಲು

ಕರಿಬಸವರಾಜ ಸಾಹುಕಾರರಿಗೆ ನಾನು ವಾರದಿಂದ ಹೇಳಿದ್ದು ಒಂದೇ ಮಾತು: ಮೊದಲು ಓಟ, ಆಮೇಲೆ ಸನ್ಮಾನ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಲೆಸೆಡಿ ಬೋಟ್ಸ್‌ವಾನಾದ ಹುಡುಗಿ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಾಳೆ, ಶಾಮನೂರಿನ ಕಸ್ತೂರಮ್ಮನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ನಾನು ಅವಳ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು. ಅವಳದು ಇನ್ನೂರು ಮೀಟರ್ ಓಟ. ಆದರೆ ಆಫ್ರಿಕಾದವಳು ಅಂದಮೇಲೆ ಮ್ಯಾರಥಾನ್ ಓಡಲೇಬೇಕು ಎಂಬುದು ನಮ್ಮ ಜನರ ತೀರ್ಮಾನ. ಅವಳನ್ನು ಊರೂರಿನ ಉದ್ದದ ಓಟಗಳಿಂದ ಬಿಡಿಸಿಕೊಂಡು ಬರುವುದರಲ್ಲೇ ನನ್ನ ಒಂದು ವರ್ಷ ಹಾಳಾಯಿತು.

ಅಂತೂ ಬೆಂಗಳೂರಿನ ಕ್ಲಬ್ಬೊಂದರ ಕೋಚ್ ರೇವಂತ್, ಹರಿಹರದ ಕ್ರೀಡಾಕೂಟಕ್ಕೆ ಬಂದು ಅವಳ ಓಟ ನೋಡಲು ಒಪ್ಪಿದರು. ಮನಸ್ಸಿಗೆ ಬಂದರೆ ಬೆಂಗಳೂರಿನ ತಮ್ಮ ರಜೆಯ ತರಬೇತಿ ಶಿಬಿರಕ್ಕೆ ಸೇರಿಸಿಕೊಳ್ಳುವವರಿದ್ದರು. ಮಧ್ಯಾಹ್ನದ ರೈಲಿಗೆ ಅವರು ವಾಪಸು ಹೋಗಬೇಕಿತ್ತು.

ಕ್ರೀಡಾಕೂಟದ ಅಧ್ಯಕ್ಷರು ಕರಿಬಸವರಾಜ, ಕಸ್ತೂರಮ್ಮನ ಸ್ವಂತ ತಮ್ಮ. ಲೆಸೆಡಿ ಮೈ ಬಿಸಿ ಮಾಡಿಕೊಂಡು ಬೆವರೊರೆಸಿಕೊಳ್ಳುವಷ್ಟರಲ್ಲಿ ಅವರ ಕಡೆಯವರು ಬಂದು ಅವಳನ್ನು ವೇದಿಕೆಗೆ ಕರೆದೊಯ್ದರು. ವಿದೇಶದ ಅತಿಥಿಯನ್ನು ಬಿಸಿಲಲ್ಲಿ ನಿಲ್ಲಿಸುವುದು ಮರ್ಯಾದೆಯಲ್ಲವಂತೆ. ರೇವಂತರನ್ನೂ ಬಿಡಲಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ. ಆಮೇಲೆ ಇಬ್ಬರ ತಲೆಗೂ ಮೈಸೂರು ಪೇಟ, ಹೆಗಲಿಗೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಬಿಸಿಯಾಗಿದ್ದ ಲೆಸೆಡಿಯ ಕಾಲು ಕುರ್ಚಿಯಲ್ಲೇ ತಣ್ಣಗಾಗುತ್ತಿತ್ತು. ನಾನು ಕೆಳಗೆ ನಿಂತು ಕೈಸನ್ನೆ ಮಾಡಿದರೆ ಸಾಹುಕಾರರು ನನಗೂ ಒಂದು ಶಾಲು ತರಿಸಲು ಹೇಳಿದರು. ಹಲ್ಲು ಕಡಿದೆ.

ಇದೆಲ್ಲ ಸಾಲದೆಂದು ವೇದಿಕೆಯ ಬೆನ್ನಿಗೆ ದೊಡ್ಡ ಫ್ಲೆಕ್ಸ್. ಅದರ ತುಂಬ ಸಾಹುಕಾರರು ಕೈಮುಗಿದು ನಗುತ್ತಿದ್ದರು. ಓಟದ ಅಂಕಣ ಅದರ ಹಿಂದೆ. ರೈಲಿನ ಹೊತ್ತು ಹತ್ತಿರವಾಗಿತ್ತು. ಇನ್ನೂರು ಮೀಟರಿನ ಹುಡುಗಿಯರನ್ನು ಕರೆದಾಗಲೂ ರೇವಂತರನ್ನು ಏಳಲು ಬಿಡಲಿಲ್ಲ; ಅವರ ಹಾರ ಇನ್ನೂ ಬಾಕಿ ಇತ್ತು. ಲೆಸೆಡಿ ಓಡುವುದು ಅವರಿಗೆ ಕಾಣುವಂತೆಯೇ ಇರಲಿಲ್ಲ.

ಓಟಕ್ಕೆ ಹೊರಟವಳಿಗೆ ಎರಡು ಮಾತಾಡಲು ಮೈಕು ಕೊಟ್ಟರು. ಅವಳು ಪೇಟ ತೆಗೆದು ಕುರ್ಚಿಯ ಮೇಲಿಟ್ಟಳು.

"ನಮಸ್ಕಾರ್ರಿ. ಈ ಫ್ಲೆಕ್ಸ್ ಬಿಚ್ಚಿಸ್ರಿ. ನಾನು ಓಡೋದು ಸರ್‌ಗೆ ಕಾಣಂಗಿಲ್ಲ."

ಕಸ್ತೂರಮ್ಮನ ಅಡುಗೆಮನೆಯಲ್ಲಿ ಕಲಿತ ಕನ್ನಡ ಅದು. ಯಾರೂ ಅಲುಗಾಡಲಿಲ್ಲ. ಸಾಹುಕಾರರ ಮುಖವಿರುವ ಫ್ಲೆಕ್ಸಿಗೆ ಕೈ ಹಚ್ಚುವವರು ಯಾರು? ಮುಂದಿನ ಸಾಲಿನಿಂದ ಕಸ್ತೂರಮ್ಮ ಸೆರಗು ಸಿಕ್ಕಿಸಿಕೊಂಡು ಮೇಲೆ ಹತ್ತಿದರು.

"ಸರಿಯೋ ಬಸಣ್ಣ. ನಿನ್ನ ಮಾರಿ ದಿನಾ ನೋಡ್ತೀವಿ," ಎಂದು ಹಗ್ಗ ಬಿಚ್ಚಿಯೇಬಿಟ್ಟರು. ಸಾಹುಕಾರರ ನಗೆ ಮಡಿಚಿಕೊಂಡು ಕೆಳಗೆ ಬಿತ್ತು. ನನಗಾದ ಸಂತೋಷಕ್ಕೆ ಪಾರವಿಲ್ಲ.

ರೇವಂತ್ ಕುರ್ಚಿ ತಿರುಗಿಸಿಕೊಂಡರು. ತಣ್ಣಗಾದ ಕಾಲಲ್ಲಿ ಲೆಸೆಡಿ ತಿರುವಿನವರೆಗೂ ಎಲ್ಲರಿಗಿಂತ ಹಿಂದೆ. ನಾನು ಟೋಪಿ ನೆಲಕ್ಕೆ ಬಡಿದೆ. ನೇರ ದಾರಿಗೆ ಬಂದ ಮೇಲೆ ಅವಳು ಒಬ್ಬೊಬ್ಬರನ್ನೇ ದಾಟಿದಳು, ಕೊನೆಯಲ್ಲಿ ಒಬ್ಬಳು ಮಾತ್ರ ಮುಂದೆ ಉಳಿದಳು. ಎರಡನೇ ಸ್ಥಾನ. ಗೆಲ್ಲಬೇಕಾದ ಓಟವನ್ನು ಒಂದು ಶಾಲು ತಿಂದಿತ್ತು. ನನಗೆ ಅಳುವೇ ಬಂತು.

ರೇವಂತರನ್ನು ನನ್ನ ಬೈಕಿನಲ್ಲಿ ಸ್ಟೇಷನ್ನಿಗೆ ಬಿಟ್ಟೆ. ರೈಲು ಹತ್ತುವಾಗ ಪೇಟವನ್ನು ನನ್ನ ಕೈಗಿತ್ತರು.

"ಇಷ್ಟು ಹೊತ್ತು ಕೂತು ಎದ್ದವಳು ಹೀಗೆ ಓಡ್ತಾಳೆ ಅಂದ್ರೆ ನನಗೆ ಬೇಕು. ನಾಡಿದ್ದು ಸೋಮವಾರ ಬೆಳಗ್ಗೆ ಶಿಬಿರದಲ್ಲಿರಲಿ. ಶಾಲು ಮಾತ್ರ ಬೇಡ."

ಮೈದಾನಕ್ಕೆ ಮರಳಿ ಸುದ್ದಿ ಹೇಳಿದೆ. ಲೆಸೆಡಿ ಕಸ್ತೂರಮ್ಮನನ್ನು ತಬ್ಬಿಕೊಂಡಳು. ಸಾಹುಕಾರರಿಗೆ ಫ್ಲೆಕ್ಸಿನ ಅವಮಾನ ಮರೆತೇಹೋಗಿತ್ತು. ಹುಡುಗಿಗೆ ಭರ್ಜರಿ ಬೀಳ್ಕೊಡುಗೆ ಆಗಲೇಬೇಕು, ಯಾವತ್ತು ಇಟ್ಟುಕೊಳ್ಳೋಣ ಎಂದು ನನ್ನನ್ನೇ ಕೇಳಿದರು.

"ಬುಧವಾರ ಇಟ್ಕೊಳ್ರಿ," ಎಂದೆ.