ಅಗಿಯದ ತುತ್ತು

ಮಾರ್ಚ್ ತಿಂಗಳಲ್ಲಿ ಗೋರಿಗಳ ಹಬ್ಬ ಬಂತೆಂದರೆ ಲೈಬೀರಿಯಾದಲ್ಲಿ ಯಾರೂ ಮನೆಯಲ್ಲಿ ಕೂರುವುದಿಲ್ಲ. ಕತ್ತಿ, ಪೊರಕೆ, ಸುಣ್ಣದ ಬಕೆಟ್ಟು ಹಿಡಿದು ತಂತಮ್ಮ ಹಿರಿಯರ ಗೋರಿಗೆ ಹೋಗುತ್ತಾರೆ. ಮುದುಕಿ ನೊವಾಯ್ ತನ್ನಮ್ಮನ ಗೋರಿಗೆ ಹಿಂದಿನ ದಿನವೇ ಸುಣ್ಣ ಬಳಿದು ಮುಗಿಸಿ, ಹಬ್ಬದ ದಿನ ಸೇಂಟ್ ಪಾಲ್ ನದಿ ದಂಡೆಗೆ ಬರುತ್ತಿದ್ದಳು. ಅಲ್ಲಿ ಅವಳನ್ನು ಸಾಕಿದ ಪರ್ಮೀಲಿಯಾ ಸ್ಟಬಲ್‌ಫೀಲ್ಡ್ ಮಲಗಿದ್ದಳು. ಆಕೆಯ ಮಕ್ಕಳು ಮೊಮ್ಮಕ್ಕಳೆಲ್ಲ ಸೈನಿಕರು ದಂಗೆಯೆದ್ದ ವರ್ಷವೇ ದೇಶ ಬಿಟ್ಟಿದ್ದರು.

"ನಿಂಗ್ಯಾಕಜ್ಜಿ ಈ ಉಸಾಬರಿ? ನಿನ್ನನ್ನ ಅಡುಗೆಮನೇಲಿ ಮಲಗಿಸ್ದೋರು ಅವ್ರು!" ಪಕ್ಕದ ಗೋರಿಯ ಹುಲ್ಲು ಕೀಳುತ್ತಿದ್ದ ಕೊರ್ಟೊ ಕೆಣಕಿದಳು.

"ಮಲಗಿಸಿದ್ರು ಕಣೆ, ಇಲ್ಲ ಅಂದ್ನಾ? ಆದ್ರೂ ಸುಣ್ಣ ಬಳಿಯೋಳು ನಾನೇ. ನಿನ್ನ ಹುಲ್ಲು ನೀನು ಕೀಳು," ಎಂದಳು ನೊವಾಯ್. ಅವಳ ಪಕ್ಕದಲ್ಲಿ ಬಟ್ಟೆ ಮುಚ್ಚಿದ ಬೋಗುಣಿಯೊಂದಿತ್ತು.

ಐದು ವರ್ಷದವಳಿದ್ದಾಗ ಅಪ್ಪ ಅವಳನ್ನು ಕ್ಪೆಲೆ ಬುಡಕಟ್ಟಿನ ಹಳ್ಳಿಯಿಂದ ತಂದು ಹಡಗಿನವರ ಮನೆಯಲ್ಲಿ ಬಿಟ್ಟಿದ್ದ, ನಾಲ್ಕಕ್ಷರ ಕಲಿಯಲಿ ಎಂದು. ಹಡಗಿನವರೆಂದರೆ ಅಮೆರಿಕದಲ್ಲಿ ಗುಲಾಮರಾಗಿದ್ದು, ಬಿಡುಗಡೆಯಾಗಿ ಹಡಗೇರಿ ಬಂದವರ ಸಂತಾನ. ಬಂದವರು ನಾಡನ್ನೇ ಆಳಿದರು, ಮೊದಲಿಂದ ಇದ್ದವರನ್ನು ಕಾಡುಜನ ಅಂದರು. ಅಬ್ಬಾ, ಏನು ಬಿಂಕ! ಮೈಬಣ್ಣ ಒಂದೇ, ಆದರೆ ಸುಡುಬಿಸಿಲಲ್ಲೂ ಕೋಟು, ಕೈಗವಸು. ನೊವಾಯ್ ಎಂಬ ಹೆಸರು ನಾಲಿಗೆಗೆ ಒಗ್ಗದೆಂದು ಡ್ರುಸಿಲಾ ಎಂದು ಕರೆದರು.

ಆದರೂ ಆ ಮನೆಯನ್ನು ಅವಳು ಈಗಲೂ ನೆನೆಯುತ್ತಿದ್ದಳು. ಒಲೆಯಿಂದ ಇಳಿಸಿದ ಜೋಳದ ರೊಟ್ಟಿಯ ವಾಸನೆ, ಪಡಸಾಲೆಯ ಪಿಯಾನೋ, ತಲೆಗೆ ಎಣ್ಣೆ ತಿಕ್ಕುತ್ತ ಪರ್ಮೀಲಿಯಾ ಗುನುಗುತ್ತಿದ್ದ ಹಾಡು. ಎಲ್ಲಕ್ಕಿಂತ ಹೆಚ್ಚಾಗಿ ಶನಿವಾರದ ಮಧ್ಯಾಹ್ನಗಳು. ಅಂದು ಪರ್ಮೀಲಿಯಾ ಅಡುಗೆಮನೆ ಬಾಗಿಲಿಗೆ ಅಗಳಿ ಹಾಕಿ, ನೊವಾಯ್ ಜೊತೆ ನೆಲದ ಮೇಲೆ ಕೂತು ಡಂಬಾಯ್ ತಿನ್ನುತ್ತಿದ್ದಳು. ಕುಟ್ಟಿದ ಮರಗೆಣಸಿನ ಮುದ್ದೆ, ಮೆಣಸಿನ ಸಾರು. ಹಡಗಿನವರ ಮೇಜಿನ ಮೇಲೆ ಬಂದರೆ ಮಾನ ಹೋಗುವಂಥ ಊಟ.

"ಹಲ್ಲು ತಾಗಿಸ್ಬೇಡ್ವೇ! ಜಾರಿಸು, ನುಂಗು," ಎಂದು ಗದರುತ್ತಿದ್ದಳು. "ಯಾರಿಗಾದ್ರೂ ಹೇಳಿದ್ಯೋ, ಚರ್ಮ ಸುಲೀತೀನಿ." ಇಬ್ಬರೂ ಬೆರಳು ನೆಕ್ಕುತ್ತ ನಗುತ್ತಿದ್ದರು.

ನೊವಾಯ್ ಎದೆಯೆತ್ತರ ಬೆಳೆದಾಗ ಅಮ್ಮ ಲೊರ್ಪು ಅವಳನ್ನು ಕರೆದೊಯ್ಯಲು ಬಂದಳು. ಹೆಣ್ಣುಮಕ್ಕಳನ್ನು ಕಾಡಿನಲ್ಲಿಟ್ಟು ಹಿರಿಯರ ರೀತಿನೀತಿ ಕಲಿಸುವ ಕಾಡುಶಾಲೆ ಕೂಡುವ ವರ್ಷವದು. ಅಲ್ಲಿಗೆ ಹೋಗದವಳನ್ನು ಹಳ್ಳಿಯಲ್ಲಿ ಹೆಣ್ಣೆಂದೇ ಎಣಿಸರು. ಪಡಸಾಲೆಯಲ್ಲಿ ಚರ್ಚಿನ ಹೆಂಗಸರು ಟೋಪಿ ಹಾಕಿಕೊಂಡು ಕೂತಿದ್ದರು.

"ನನ್ನ ಮಗಳನ್ನ ಕೊಡಮ್ಮ," ಎಂದಳು ಲೊರ್ಪು ಅಂಗಳದಿಂದಲೇ.

"ಇವಳಿನ್ನೆಲ್ಲಿ ನಿನ್ನ ಮಗಳು?" ಪರ್ಮೀಲಿಯಾ ಬೀಸಣಿಗೆ ಆಡಿಸಿದಳು. "ನಿಮ್ಮ ಊಟ ಇವಳ ಗಂಟಲಲ್ಲಿ ಇಳಿಯೋದೇ ಇಲ್ಲ. ಬೇಕಾದ್ರೆ ತಿನ್ನಿಸಿ ನೋಡು. ಅಗಿದ್ರೆ ನನ್ನೋಳು, ನುಂಗಿದ್ರೆ ಕರ್ಕೊಂಡು ಹೋಗು."

ಲೊರ್ಪು ಅಂಗಳದ ಒರಳ ಮುಂದೆ ನಿಂತು ಡಂಬಾಯ್ ಕುಟ್ಟಲು ಒನಕೆ ಎತ್ತಿದಳು. ಇತ್ತ ಪರ್ಮೀಲಿಯಾ ನೊವಾಯ್‌ಳನ್ನು ಒಳಗೆ ಕರೆದು, ಜಡೆಗೆ ರಿಬ್ಬನ್ನು ಬಿಗಿಯುತ್ತ ಪಿಸುಗುಟ್ಟಿದಳು, "ಚೆನ್ನಾಗಿ ಅಗಿ, ಡ್ರುಸಿಲಾ." ನೊವಾಯ್‌ಗೂ ಹೋಗುವುದು ಬೇಡವಾಗಿತ್ತು. ಅಗಿಯುತ್ತೇನೆ ಎಂದು ತಲೆಯಾಡಿಸಿದಳು.

ಅಂಗಳದಲ್ಲಿ ಲೊರ್ಪು ಬೋಗುಣಿ ಇಟ್ಟಳು. ಸಾರಿನ ಹಬೆ ಮುಖಕ್ಕೆ ಬಡಿಯಿತು. ನೊವಾಯ್ ತುತ್ತು ಮುರಿದು ಅದ್ದಿ ಬಾಯಿಗಿಟ್ಟಳು. ಅಗಿಯಬೇಕು, ಅಗಿಯಬೇಕು ಅಂದುಕೊಳ್ಳುವಷ್ಟರಲ್ಲಿ ಹಾಳಾದ್ದು ಜಾರಿ ಹೋಯಿತು! ಇನ್ನೊಂದು ಇಟ್ಟಳು. ಅದೂ ಹೋಯಿತು. ಶನಿವಾರಗಳು ಪಳಗಿಸಿದ ಗಂಟಲು ಅವಳ ಮಾತನ್ನೇ ಕೇಳಲಿಲ್ಲ.

"ನುಂಗಿದ್ಲು! ನನ್ನ ಕೂಸು ನುಂಗಿದ್ಲು!" ಲೊರ್ಪು ಸೊಂಟದ ಬಟ್ಟೆ ಬಿಗಿದು ಅಂಗಳದ ತುಂಬ ಕುಣಿದಳು.

ಟೋಪಿಗಳೆಲ್ಲ ಪರ್ಮೀಲಿಯಾ ಕಡೆ ತಿರುಗಿದವು. "ನಿಮ್ಮನೇಲಿ ಬೆಳೆದೋಳಿಗೆ ಇದನ್ನ ಯಾರು ಕಲಿಸಿದ್ರಮ್ಮ?" ಎಂದಳು ಪಾದ್ರಿಯ ಹೆಂಡತಿ.

ಅಡುಗೆಯವಳ ಮೇಲೆ ಹಾಕಿ ಜಾರಿಕೊಳ್ಳಬಹುದಿತ್ತು. ಪರ್ಮೀಲಿಯಾ ಲೊರ್ಪುವಿನ ಕಣ್ಣೀರಿಂದ ಒದ್ದೆಯಾದ ಮುಖವನ್ನು ನೋಡುತ್ತ ನಿಂತಳು. ಆಮೇಲೆ ಕೈಗವಸು ಬಿಚ್ಚಿ, ಮೆಟ್ಟಿಲಿಳಿದು ಬಂದು ರೇಷ್ಮೆ ಲಂಗದಲ್ಲೇ ಮಣ್ಣಿನ ಮೇಲೆ ಕೂತಳು.

"ನಾನೇ ಕಲಿಸಿದ್ದು. ನಂಗೆ ಕಲಿಸಿದೋಳು ನನ್ನನ್ನ ಎತ್ತಿ ಆಡಿಸಿದ ಕ್ಪೆಲೆ ಆಯಾ. ಅವಳ ಕೈತುತ್ತು ತಿಂದೇ ದೊಡ್ಡೋಳಾದೆ. ಏನೀಗ?"

ಹಾಗೆಂದು ಅದೇ ಬೋಗುಣಿಗೆ ಕೈ ಹಾಕಿದಳು. ಲೊರ್ಪು ಕುಣಿಯುವುದನ್ನು ಬಿಟ್ಟು ಬಂದು ಎದುರು ಕೂತಳು. ಇಬ್ಬರೂ ಸೇರಿ ಬೋಗುಣಿ ಬರಿದು ಮಾಡಿದರು. ಟೋಪಿಯವರು ಒಬ್ಬೊಬ್ಬರಾಗಿ ಎದ್ದುಹೋದರು. ಆಮೇಲೆ ಎಷ್ಟೋ ವರ್ಷ ಅವರು ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಗೇಟಿನ ಹತ್ತಿರ ಪರ್ಮೀಲಿಯಾ ನೊವಾಯ್‌ಳ ಗಲ್ಲ ಹಿಂಡಿದಳು. "ಅಗಿ ಅಂದಿದ್ನಲ್ಲೇ, ಹಾಳಾದೋಳೇ," ಎಂದು ಬೈದು, ಸೆರಗಿಲ್ಲದ ಹೆಂಗಸು, ಕೈಯಲ್ಲಿದ್ದ ಗವಸಿನಿಂದ ಕಣ್ಣೊರೆಸಿಕೊಂಡಳು. ಅದೇ ಕೊನೆಯ ಭೇಟಿ. ಕಾಡುಶಾಲೆ, ಮದುವೆ, ಮಕ್ಕಳು ಎನ್ನುತ್ತ ನೊವಾಯ್ ನದಿಯ ಕಡೆ ಬರುವ ಹೊತ್ತಿಗೆ ಉಳಿದಿದ್ದು ಈ ಗೋರಿ ಮಾತ್ರ.

ಸುಣ್ಣ ಒಣಗತೊಡಗಿತ್ತು. ನೊವಾಯ್ ಬಟ್ಟೆ ಸರಿಸಿ ಒಂದು ತುತ್ತನ್ನು ಗೋರಿಯ ಮೇಲಿಟ್ಟಳು, ಇನ್ನೊಂದನ್ನು ಬಾಯಿಗಿಟ್ಟು ತುಟಿ ಬಿಗಿದಳು. ಗಂಟಲು ಎಳೆದರೂ ಬಿಡಲಿಲ್ಲ. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ಬರೀ ಒಸಡು. ದವಡೆ ಆಡಿಸಿದಳು, ಆಡಿಸುತ್ತಲೇ ಇದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಅಯ್ಯೋ ಅಜ್ಜಿ, ಡಂಬಾಯ್ ಯಾರಾದ್ರೂ ಅಗೀತಾರಾ?" ಕೊರ್ಟೊ ನಕ್ಕಳು.

"ಸುಮ್ನಿರೇ," ಎಂದಳು ನೊವಾಯ್ ತುಂಬಿದ ಬಾಯಲ್ಲಿ, ಗೋರಿಯತ್ತ ಕಣ್ಣು ಹಾಯಿಸುತ್ತ. "ಅಮ್ಮ ನೋಡ್ತಿದ್ದಾಳೆ."