ಮನಾಕುವಿನ ಬಾಣಂತನ

ಕಡಲಾಚೆಯಿಂದ ಬಂದ ಗಡ್ಡದವರ ದೋಣಿಗಳು ಹೊಳೆಯ ತಿರುವಿನಲ್ಲಿ ಕಂಡಾಗ ನಮ್ಮ ಗಂಡಸರೆಲ್ಲ ಕಾಡು ಸೇರಿದರು. ಸಿಕ್ಕವರನ್ನು ಹುಟ್ಟು ಹಾಕಲು ಕಟ್ಟಿ ಒಯ್ಯುತ್ತಾರೆಂದು ಮೊದಲೇ ಸುದ್ದಿ ಬಂದಿತ್ತು. ಉಳಿದವನು ನನ್ನ ಗಂಡ ಮನಾಕು ಒಬ್ಬನೇ. ಹಿಂದಿನ ದಿನವಷ್ಟೇ ನಾನು ಗಂಡುಮಗು ಹೆತ್ತಿದ್ದೆ. ನಮ್ಮಲ್ಲಿ ಬಾಣಂತನ ಗಂಡಸಿನದು: ಮಗುವಿನ ಹೊಕ್ಕುಳಬಳ್ಳಿ ಉದುರುವವರೆಗೆ ಅಪ್ಪನಾದವನು ಮಲಗಿದ ಜೋಲಿ ಬಿಟ್ಟು ಏಳುವಂತಿಲ್ಲ. ಅವನು ಹೋದಲ್ಲಿಗೆ ಮಗುವಿನ ಜೀವ ಹಿಂಬಾಲಿಸುತ್ತದೆ, ಅವನು ಮೈಮುರಿದು ದುಡಿದರೆ ಮಗುವಿನ ಎಲುಬು ಸಡಿಲುತ್ತದೆ.

"ಓಡೋ ಮಾರಾಯ," ಎಂದೆ.

"ನಾನ್ ಓಡಿದ್ರೆ ಇವನೂ ಓಡ್ಬೇಕಲ್ಲೇ? ಇನ್ನೂ ಕುತ್ತಿಗೇನೇ ನಿಂತಿಲ್ಲ ಇವಂದು."

ಅವನ ತಾಯಿ ತಾಪಿ ಸುಮ್ಮನೆ ಕೂರುವವಳಲ್ಲ. ಮಗನ ಕೂದಲು ಬಿಚ್ಚಿ ಹರಡಿದಳು, ಹೊಟ್ಟೆಗೆ ಬಟ್ಟೆ ಬಿಗಿದಳು, ಮಗುವನ್ನು ಎದೆಯ ಮೇಲೆ ಮಲಗಿಸಿದಳು. "ತೆಪ್ಪಗೆ ಬಿದ್ಕೋ. ನೋಡೋಕೆ ನಿನ್ ಹೆಂಡ್ತಿಗಿಂತ ನೀನೇ ವಾಸಿ," ಎಂದಳು. ಆ ಹೊತ್ತಿನಲ್ಲೂ ನನಗೆ ನಗು ಬಂತು.

ಗಡ್ಡದವರ ಕಪ್ತಾನ ಕಿರೋಗ ಮನೆಮನೆ ಹುಡುಕಿದ. ಒಬ್ಬ ಗಂಡಸೂ ಸಿಗದಿದ್ದಾಗ ಅವನ ಮುಖ ಅರಳಿತು. ಹಿಂದೊಮ್ಮೆ ಅವರ ಕಡೆಯವರು ಈ ಹೊಳೆಯಲ್ಲಿ ಹೆಂಗಸರಿಂದ ಬಾಣದೇಟು ತಿಂದು, ಇಲ್ಲಿ ಗಂಡಸರಿಲ್ಲದ ನಾಡೊಂದಿದೆ, ಅದರ ರಾಣಿ ಚಿನ್ನದ ತಟ್ಟೆಯಲ್ಲಿ ಉಣ್ಣುತ್ತಾಳೆ ಎಂದು ಹಬ್ಬಿಸಿದ್ದರಂತೆ; ಇದೇ ಆ ನಾಡೆಂದು ಇವನು ಬಗೆದ. ಏಟು ತಿಂದವರು ಇನ್ನೇನು ಹೇಳಿಯಾರು!

ಅವನ ಮಾತನ್ನು ನಮಗೆ ಹೇಳುತ್ತಿದ್ದವಳು ಕೆಳಹೊಳೆಯಿಂದ ಹಿಡಿದು ತಂದ ಹೆಂಗಸು. ಮನಾಕುವನ್ನು ನೋಡಿದ್ದೇ ಅವಳಿಗೆ ಎಲ್ಲ ತಿಳಿಯಿತು. ಪುಣ್ಯಾತ್ಗಿತ್ತಿ, ಬಾಯಿ ಬಿಡಲಿಲ್ಲ.

"ನಿಮ್ಮ ರಾಣಿ ಎಲ್ಲಿ ಅಂತಾನೆ," ಎಂದಳು.

"ಮೀನು ಹಿಡಿಯೋಕೆ ಹೋಗವ್ಳೆ ಅನ್ನು," ಎಂದಳು ಅತ್ತೆ.

ಅವರು ಕಾಯುತ್ತ ಕೂತರು. ನಮ್ಮ ಆಮೆಮೊಟ್ಟೆಯೆಲ್ಲ ತಿಂದು ಮುಗಿಸಿದರು. ಮಗು ಹಸಿದು ಅಳುತ್ತಿತ್ತು, ಹಾಲು ಸುರಿದು ನನ್ನ ಬಟ್ಟೆ ಒದ್ದೆಯಾಗುತ್ತಿತ್ತು. ನಾನು ಎತ್ತಿಕೊಂಡು ಹಾಲೂಡಿಸಿದರೆ ಗುಟ್ಟು ರಟ್ಟಾಗುತ್ತದೆ. ಎರಡು ಮಾರು ದೂರದಲ್ಲಿ ನನ್ನ ಮಗು, ನನ್ನ ಕೈಗೆ ಸಿಗದು.

ಸಂಜೆಯ ಹೊತ್ತಿಗೆ ಕಪ್ತಾನನಿಗೆ ಬೇಸರ ಬಂತು. ಅವನು ಹೇಳಿದ್ದನ್ನು ಆ ಹೆಂಗಸು ತಡವರಿಸುತ್ತ ಹೇಳಿದಳು: "ರಾಣಿ ಬರ್ದಿದ್ರೆ ಹೋಗ್ಲಿ, ಈ ಬಾಣಂತೀನೂ ಮಗೂನೂ ಜೋಲಿ ಸಮೇತ ದೋಣಿಗೆ ಹಾಕ್ರಿ, ದೊರೆಗೆ ತೋರಿಸ್ಬೇಕು ಅಂತಾನೆ."

ಹಾಲಿಲ್ಲದೆ ಮಗು ಎಷ್ಟು ದೂರ ಹೋದೀತು? ಮನಾಕು ನನ್ನತ್ತ ನೋಡಿದ. ಅವನು ಜೋಲಿಯಿಂದಿಳಿದು ನೆಲದ ಮೇಲೆ ನಿಂತ, ಬಟ್ಟೆ ಬಿಚ್ಚಿ ಎಸೆದ.

"ಗಂಡಸು ನಾನು. ಮಗು ಅವಳ್ದು, ಬಿಟ್ಬಿಡಿ."

ಸಿಪಾಯಿಗಳು ಬಿದ್ದು ಬಿದ್ದು ನಕ್ಕರು. "ರಾಣಿ ಸಿಕ್ಕಿದ್ಲಲ್ಲ, ಮದುವೆ ಯಾವಾಗ ಅಂತ ಕಪ್ತಾನನ್ನೇ ಕೇಳ್ತಿದಾರೆ," ಎಂದು ಆ ಹೆಂಗಸು ನನ್ನ ಕಿವಿಯಲ್ಲಿ ಹೇಳಿದಳು. ಕಪ್ತಾನನ ಮುಖ ಕೆಂಡವಾಯಿತು. ಮಗುವಿನ ಕಡೆ ತಿರುಗಿಯೂ ನೋಡದೆ ಮನಾಕುವಿಗೆ ಹುಟ್ಟು ತೋರಿಸಿದ. ಸಿಪಾಯಿಗಳು ಅವನನ್ನು ದೋಣಿಗೆ ಹತ್ತಿಸಿದರು.

ನಾನು ದಡದಲ್ಲಿ ನಿಂತು ಮಗುವಿಗೆ ಮೊಲೆ ಕೊಟ್ಟೆ. ಅದು ಬಾಯಿ ತೆರೆಯಲಿಲ್ಲ.

"ಬಾರೇ ಒಳಗೆ," ಅತ್ತೆ ಅಳುತ್ತ ಕರೆದಳು. "ಮಗೂನಾದ್ರೂ ಉಳೀತಲ್ಲ."

"ಎಲ್ಲಿ ಉಳೀತು ಅತ್ತೆ? ಜೀವ ಆಗ್ಲೇ ಅಪ್ಪನ ಹಿಂದೆ ದೋಣಿ ಹತ್ತಿದೆ. ನನ್ನ ಕೈಲಿರೋದು ಬರೀ ಮೈ."

ದೋಣಿಯವರು ಯಾರೂ ನನ್ನನ್ನು ಕರೆಯಲಿಲ್ಲ, ಯಾರೂ ಎಳೆಯಲಿಲ್ಲ. ನೀರಿಗಿಳಿದು ನಾನಾಗಿಯೇ ದೋಣಿ ಹತ್ತಿದೆ.

ಮನಾಕು ತೊಟ್ಟಿಲು ತೂಗುವಷ್ಟು ಮೆತ್ತಗೆ ಹುಟ್ಟು ಹಾಕುತ್ತಿದ್ದ. ಬೆನ್ನಿಗೆ ಚಾಟಿ ಬಿತ್ತು. ಅಷ್ಟರಲ್ಲಿ ಮಗು ಮೊಲೆಗೆ ಬಾಯಿ ಹಾಕಿತು.

"ಕುಡೀತಿದಾನೆ ಕಣೋ," ಎಂದೆ. "ಜೋರಾಗಿ ಎಳೀಬೇಡ, ಇವನ ಎಲುಬು ಇನ್ನೂ ಎಳೇದು."

ಮತ್ತೆ ಚಾಟಿ ಬಿತ್ತು. ಅವನು ಮೆತ್ತಗೇ ಎಳೆದ.