ಒಂದು ಎಳೆಗೆ ಒಂದೇ ವಿಷಯ

ಪ್ಯಾಂಟಿನ ಅಂಚು ಬಿಚ್ಚಿ, ಸಿಕ್ಕಿಕೊಂಡಿದ್ದ ದಾರದ ಚೂರುಗಳನ್ನು ಉಗುರಿನಿಂದ ಹೆಕ್ಕಿ ತೆಗೆಯುತ್ತಿದ್ದಾಗ ಅವಳ ಫೋನು ಮತ್ತೆ ಗುಂಯ್‌ಗುಟ್ಟಿತು. ಇಸ್ತ್ರಿಪೆಟ್ಟಿಗೆ ಕಾದಿತ್ತು. ಅಂಚು ಮಡಿಸಿ ಒತ್ತಿಬಿಟ್ಟರೆ ಅಲ್ಲಿಗೆ ಒಂದು ಕೆಲಸ ಮುಗಿಯುತ್ತಿತ್ತು.

"ಎತ್ತಿ ಅತ್ತಿಗೆ, ಆಗಿಂದ ಬಾಯಿ ಬಡ್ಕೊಳ್ತಿದೆ," ಪಕ್ಕದ ಮೆಷಿನ್ನಿನಿಂದ ನಾದಿನಿ ಹೇಳಿದಳು. "ಇಲ್ಲಾಂದ್ರೆ ನಾನೇ ಎತ್ತಿ ರಾಂಗ್ ನಂಬರ್ ಅಂತೀನಿ."

ಎತ್ತಿದರೆ ಕತ್ತರಿ ಅಕ್ಕ. ಮುಖ ನೋಡಿದವಳಲ್ಲ, ದನಿ ಕೇಳಿಯೂ ವರ್ಷಗಳಾಗಿದ್ದವು.

ಎಲ್ಲರ ಕೈಗೂ ಫೋನಿನ ಗುಂಪುಗಳು ಬರುವ ಮೊದಲು, ಬಟ್ಟೆ ಬಿಗಿ-ಸಡಿಲ ಮಾಡಿಕೊಡುವ ಹೆಂಗಸರಿಗೆಂದೇ ಕಂಪ್ಯೂಟರಿನಲ್ಲಿ ಅಕ್ಕ ಒಂದು ಚರ್ಚೆಯ ತಾಣ ನಡೆಸುತ್ತಿದ್ದಳು. ಹೆಸರು ಕಟ್ಟೆ. ಒಬ್ಬಳು ಕೇಳಿದ ಪ್ರಶ್ನೆ, ಅದರ ಕೆಳಗೆ ಬಂದ ಉತ್ತರಗಳು ಎಲ್ಲ ಸೇರಿ ಒಂದು ಎಳೆ. ಅಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಬರೆಯುತ್ತಿರಲಿಲ್ಲ. ಅಕ್ಕ ಕತ್ತರಿ, ಇವಳು ಕಾಜಾ, ಇನ್ನೊಬ್ಬಳು ಗುಂಡುಸೂಜಿ. ಆಮೇಲೆ ಒಂದು ದಿನ ಹೇಳದೆ ಕೇಳದೆ ಕಟ್ಟೆ ನಿಂತುಹೋಯಿತು, ಎಲ್ಲರೂ ದಿಕ್ಕಿಗೊಬ್ಬರಾದರು.

"ಈಗಿನ ಗುಂಪುಗಳು ನೋಡಿದ್ಯಲ್ಲ, ಬೆಳಗಾದ್ರೆ ಹೂವಿನ ಚಿತ್ರ, ಸಂಜೆ ಆದ್ರೂ ಹೂವಿನ ಚಿತ್ರ," ಅಕ್ಕ ಅಂದಳು. "ನಿನ್ನೆ ಕೇಳಿದ ಪ್ರಶ್ನೆ ಇವತ್ತು ಹುಡುಕಿದ್ರೆ ಸಿಗಲ್ಲ. ಅದಕ್ಕೇ ಕಟ್ಟೇನ ಮತ್ತೆ ಎಬ್ಬಿಸಿ ಕೂರಿಸಿದೀನಿ ಕಣೇ. ಹಳೇದೆಲ್ಲ ಹಾಗೇ ಬಂದಿದೆ, ಒಂದಕ್ಷರ ಹೋಗಿಲ್ಲ. ಗುಂಡುಸೂಜಿ ಎಳೆ ಒಂದು ಮಾತ್ರ ಮುಚ್ಚದೆ ತಲೆ ಮೇಲೇ ಕೂತ್ಕೊಂಡಿದೆ. ಮೊದಲ ಉತ್ತರ ಕೊಟ್ಟವಳು ನೀನು. ನಿಂಗೆ ಬೀಗದ ಕೈ ಕೊಟ್ಟಿದೀನಿ. ಮುಚ್ಚಿಬಿಡು. ಬೇಡದ್ದೇನಾದ್ರೂ ಇದ್ರೆ ಅಳಿಸಿ ಹಾಕು."

ಕಟ್ಟೆಯಲ್ಲಿ ಅಕ್ಕನ ಕಟ್ಟಳೆಗಳು ಎರಡೇ. ಒಂದು ಎಳೆಯಲ್ಲಿ ಒಂದೇ ವಿಷಯ ಮಾತಾಡಬೇಕು. ಬಟ್ಟೆ ಸರಿಹೋದ ಮೇಲೆ ಕೇಳಿದವಳು ಅದನ್ನು ಹಾಕಿಕೊಂಡು ನೋಡಿ, ಬಂದು "ತೊಟ್ಟೆ" ಎಂದು ಬರೆಯಬೇಕು. ಆಗ ಎಳೆ ಮುಚ್ಚುತ್ತದೆ. ಗುಂಡುಸೂಜಿ ಬರೆದಿರಲಿಲ್ಲ.

ಊಟದ ಹೊತ್ತಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗುಂಡಿಡಬ್ಬಿಗಳನ್ನು ಸರಿಸಿ ಲ್ಯಾಪ್‌ಟಾಪ್ ತೆರೆದಳು. ಎಲ್ಲ ಇದ್ದ ಹಾಗೇ ಇತ್ತು. ತಾನಾಡಿ ಮರೆತ ಮಾತು, ತನ್ನದೇ ಹಳೆಯ ನಗು ಆಗಷ್ಟೇ ಆಡಿದಂತೆ ಕಾದು ಕೂತಿದ್ದವು. ಆ ಲವಲವಿಕೆಯ ಹೆಂಗಸು ಯಾರೋ, ತನ್ನ ಹೆಸರು ಹೊತ್ತುಕೊಂಡು ಇಷ್ಟು ವರ್ಷ ಇಲ್ಲೇ ಬದುಕಿದ್ದಳೋ ಎನ್ನಿಸಿತು.

ಗುಂಡುಸೂಜಿ ಕೇಳಿದ್ದಳು: ಅಂಗಿಯ ಎರಡೂ ಪಕ್ಕ ಒಂದೊಂದು ಬೆರಳಿನಷ್ಟು ಒಳಗೆ ಹಿಡಿಯಬೇಕು. ಬಟ್ಟೆ ಕತ್ತರಿಸಬಾರದು. ಹಿಡಿದದ್ದು ಹೊರಗಿನಿಂದ ಯಾರಿಗೂ ಗೊತ್ತಾಗಬಾರದು. ಕಾಜಾ ಬಿಡಿಸಿ ಬಿಡಿಸಿ ಹೇಳಿಕೊಟ್ಟಿದ್ದಳು: ಕಂಕುಳಿನಿಂದ ಶುರುಮಾಡು, ಸೊಂಟಕ್ಕೆ ಬಂದಾಗ ಕೈ ಹಗುರ ಮಾಡು, ಒಳಗೆ ಉಳಿದದ್ದನ್ನು ಎರಡು ಕಡೆಗೂ ಚಪ್ಪಟೆ ಒತ್ತು. ಕೆಲವು ಪುಟ ಆದಮೇಲೆ ಗುಂಡುಸೂಜಿ ಮತ್ತೆ ಬಂದಿದ್ದಳು. ಇನ್ನೊಂದು ಬೆರಳು. ಆಮೇಲೆ ಇನ್ನೊಂದು. "ಏನೇ, ಗಾಳಿ ತಿಂದು ಬದುಕ್ತಿದೀಯಾ? ನಮಗೂ ಹೇಳ್ಕೊಡು," ಎಂದು ಯಾರೋ ಚೇಷ್ಟೆ ಮಾಡಿದ್ದರು. ಹೇಗೆ ಹಿಡಿಯಬೇಕೆಂದು ಎಲ್ಲರೂ ಹೇಳಿದ್ದರು. ಯಾಕೆ ಎಂದು ಒಬ್ಬಳೂ ಕೇಳಿರಲಿಲ್ಲ.

ಅಷ್ಟರಲ್ಲಿ ಗುಂಡುಸೂಜಿ ಎಂಬ ಹೆಸರಿನ ಪಕ್ಕ ಹಸಿರು ಚುಕ್ಕೆ ಹೊತ್ತಿಕೊಂಡಿತು.

ಕಾಜಾ ಖಾಸಗಿ ಸಂದೇಶದಲ್ಲಿ "ನೀನೇನಾ?" ಎಂದು ಬರೆದಳು.

ಉತ್ತರ ಬಂತು: "ಕ್ಷಮಿಸಿ ಆಂಟಿ. ನಾನು ಅವರ ಮಗಳು. ಅಮ್ಮ ಹೋಗಿ ತುಂಬಾ ದಿನ ಆಯ್ತು. ಅವರ ಕಂಪ್ಯೂಟರಿನಲ್ಲಿ ಇದು ತಾನಾಗೇ ತೆರ್ಕೊಂಡ್ತು. ಊಟದ ಹೊತ್ತಲ್ಲಿ ಬಂದು ದಿನಕ್ಕೆ ಒಂದೇ ಪುಟ ಓದ್ತೀನಿ. ಬೇಗ ಓದಿದ್ರೆ ಮುಗಿದುಹೋಗುತ್ತೆ ಅಂತ ಭಯ."

ಇನ್ನೊಂದು ಸಂದೇಶ. "ಕಾಯಿಲೆ ಅಂತ ಅಮ್ಮ ಕೊನೇವರೆಗೂ ಬಾಯಿಬಿಡಲಿಲ್ಲ. ಅಂಗಿ ಅಷ್ಟು ಸರಿಯಾಗಿ ಕೂರ್ತಿತ್ತು, ಸಪೂರ ಆಗಿದೀಯ, ಚೆನ್ನಾಗಿ ಕಾಣ್ತೀಯ ಅಂತ ನಾವೇ ಹೊಗಳ್ತಿದ್ವಿ. ಮನೇಲಿ ಯಾರೂ ಅವರ ಮಾತು ಕೇಳಿಸ್ಕೊಳ್ಳಲಿಲ್ಲ ಆಂಟಿ. ಇಲ್ಲಾದ್ರೂ ಕೇಳಿಸ್ಕೊಳ್ಳೋರು ಇದ್ರಲ್ಲ, ಅದೊಂದು ಸಮಾಧಾನ. ಇವತ್ತಿನ ಪುಟ ಆಯ್ತು, ಬರ್ತೀನಿ."

ಚುಕ್ಕೆ ಆರಿತು.

ಕಾಜಾ ಎಳೆಯ ಕೊನೆಯ ಪುಟಕ್ಕೆ ಹೋದಳು. ಅಲ್ಲಿ ಗುಂಡುಸೂಜಿ ಬರೆದಿದ್ದಳು: "ಇನ್ನೊಂದು ವಿಷಯ ಕೇಳಬೇಕಿತ್ತು ಕಾಜಾ. ಬಟ್ಟೇದಲ್ಲ."

ಅದರ ಕೆಳಗೆ ಕಾಜಾಳದೇ ಉತ್ತರ, ಪಕ್ಕದಲ್ಲೊಂದು ನಗುಮುಖ: "ಒಂದು ಎಳೆಗೆ ಒಂದೇ ವಿಷಯ ತಾಯಿ, ಅಕ್ಕ ಕಿವಿ ಹಿಂಡ್ತಾಳೆ. ಬೇರೆ ಎಳೆ ತೆಗಿ."

ಬೇರೆ ಎಳೆ ಇರಲಿಲ್ಲ. ಹುಡುಕಿದಳು, ಇನ್ನೊಂದು ಸಲ ಹುಡುಕಿದಳು. ಆ ಮಾತಿನ ನಂತರ ಗುಂಡುಸೂಜಿ ಎಲ್ಲೂ ಏನೂ ಬರೆದಿರಲಿಲ್ಲ.

ಅವಳ ಮಾತಿನ ಮೂಲೆಯಲ್ಲೂ ತನ್ನ ಉತ್ತರದ ಮೂಲೆಯಲ್ಲೂ ಈಗ ಹೊಸದೊಂದು ಗುಂಡಿ: ಅಳಿಸಿ. ಆ ಎರಡು ಸಾಲು ಹೋದರೆ ಆಯಿತು. ಹುಡುಗಿ ಕೊನೆಗೆ ಬಂದು ನೋಡುವುದು ಬರೀ ಹೊಲಿಗೆಯ ಮಾತು. ಆ ಸಮಾಧಾನ ಅವಳ ಪಾಲಿಗೆ ಉಳಿಯುತ್ತದೆ. ಬೆರಳು ಅಲ್ಲಿಯವರೆಗೂ ಹೋಯಿತು. ಆದರೆ ತನ್ನ ಸಾಲಿನ ಜೊತೆಗೇ ಗುಂಡುಸೂಜಿಯ ಸಾಲೂ ಹೋಗಬೇಕು. ಅವಳು ಜಗತ್ತಿನಲ್ಲಿ ಒಂದೇ ಒಂದು ಸಲ ಬಾಯಿ ತೆರೆದಿದ್ದ ಜಾಗ ಅದು.

"ಏನತ್ತಿಗೆ, ಊಟಾನೂ ಇಲ್ಲ," ನಾದಿನಿ ಬಾಗಿಲಲ್ಲಿ ಇಣುಕಿದಳು. "ಯಾರ ಜೊತೆ ಅಷ್ಟೊಂದು ಮಾತು? ಅಣ್ಣಂಗೆ ಹೇಳ್ಲಾ?"

"ಹೇಳು ಹೋಗು. ಹಾಗಾದ್ರೂ ಅಂಗಡಿ ಕಡೆ ಬರ್ತಾರೆ."

ನಾದಿನಿ ನಗುತ್ತ ಹೋದಳು. ಫೋನಿನಲ್ಲಿ ಅಕ್ಕನ ಸಂದೇಶ ಬಿದ್ದಿತ್ತು: "ಮುಚ್ಚಿದ್ಯಾ?"

"ನೋಡ್ತಿದೀನಿ ಅಕ್ಕ," ಎಂದಷ್ಟೇ ಬರೆದಳು.

ಹುಡುಗಿಗೆ ಇನ್ನೂ ಪುಟಗಳು ಬಾಕಿ ಇದ್ದವು. ಅಳಿಸುವುದಿಲ್ಲ, ಮುಚ್ಚುವುದೂ ಇಲ್ಲ ಎಂದುಕೊಂಡಳು. ಇನ್ನು ಮೇಲೆ ಊಟದ ಹೊತ್ತಿಗೆ ದಿನವೂ ಇಲ್ಲಿ ಬಂದು ಕೂರಬೇಕು. ಅವಳು ಆ ಪುಟಕ್ಕೆ ಬಂದು ಮುಟ್ಟುವ ದಿನ ಏನನ್ನು ಬೇಕಾದರೂ ಕೇಳಲಿ, ಬೈಯಲಿ, ಎಷ್ಟು ವಿಷಯ ಬೇಕಾದರೂ ಎತ್ತಲಿ. ಉತ್ತರ ಕೊಡಲು ತಾನಿರಬೇಕು.

ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ಎದ್ದು ಹೋಗಿ, ತಣ್ಣಗಾಗಿದ್ದ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಿದಳು. ನಾದಿನಿ ಏನೋ ಕೇಳಿದಳು. ಏನಿಲ್ಲ ಅಂದಳು.